ಧೂಮಪಾನ: ಇಲ್ಲ

ಫಾರಮು ಮಲಯಾಳದಲ್ಲಿದೆ.
ಮಂಗಲ್ಪಾಡಿ ಆಸ್ಪತ್ರೆಯ ಸಜಿತ ಸಿಸ್ಟರು
ಒಂದೊಂದೇ ಸಾಲು ಓದಿ, ತನಗೆ ಬರುವಷ್ಟು ಕನ್ನಡದಲ್ಲಿ ಕೇಳುತ್ತಾಳೆ:
ಶುಗರು? ಇಲ್ಲ. ಪ್ರೆಶರು? ಇಲ್ಲ.
ಬೀಡಿ, ಸಿಗರೇಟು?
ಇಲ್ಲ, ಎನ್ನುತ್ತೇನೆ.
ಮನೆಯಲ್ಲಿ ಯಾರಾದರೂ?
ಇಲ್ಲ.
ಗೆರೆ ಎಳೆದು ಮುಂದಕ್ಕೆ ಹೋಗುತ್ತಾಳೆ.

ಸೇದಿದವರು ಯಾರೂ ಇಲ್ಲ ಸಿಸ್ಟರೇ.
ಕಟ್ಟಿದವರು ಇದ್ದಾರೆ.
ಅದಕ್ಕೆ ಕಾಲಮ್ಮು ಇಲ್ಲ.

ಕುಂಜತ್ತೂರಿನ ರೈಲುಪಟ್ಟಿಯಾಚೆ ನಮ್ಮ ಜಗಲಿ.
ಅಲ್ಲಿ ಅಜ್ಜಿ ಅಂತಕ್ಕೆಯ ತಡ್ಪೆ, ಅಮ್ಮ ವಾರಿಜಳ ತಡ್ಪೆ,
ಬೇಲಿ ದಾಟಿ ಬರುವ ಐಸಮ್ಮನ ತಡ್ಪೆ.
ನೀರು ಚಿಮುಕಿಸಿ ಮಡಚಿಟ್ಟ ಎಲೆ, ಅಳತೆಯ ತಗಡು, ಕತ್ತರಿ,
ಒಂದು ಚಿಟಿಕೆ ಹುಡಿ, ಒಂದು ಉರುಳು, ಮೂತಿ ಮಡಚು, ನೂಲು.
ಇಪ್ಪತ್ತೈದಕ್ಕೆ ಒಂದು ಕಟ್ಟು.
ಮಧ್ಯಾಹ್ನದ ಲೋಕಲು ಹಾದುಹೋಗುವಾಗ
ಹುಡಿ ಒಮ್ಮೆ ನಡುಗಿ ಮೇಲೇಳುವುದು,
ಆಮೇಲೆ ಎಲ್ಲರ ಮೇಲೂ ಕೂರುವುದು,
ತೊಟ್ಟಿಲಿನ ಮೇಲೂ.

ಹಾಲಿಗಿಂತ ಮೊದಲು ನನಗೆ ಗೊತ್ತಾದ ವಾಸನೆ ಅದು.
ಹುಟ್ಟಿದಾಗ ಎರಡು ಕಿಲೋಗೆ ನೂರು ಗ್ರಾಂ ಕಡಿಮೆ.
ಇಲಿಮರಿ ಎಂದಳಂತೆ ಐಸಮ್ಮ,
ತನ್ನದೂ ಅಷ್ಟೇ ಇದ್ದದ್ದು ಮರೆತು.
ಜೂನ್ ಬಂದರೆ ಈಗಲೂ
ಎದೆಯೊಳಗೆ ಬೆಕ್ಕು ಕೂತ ಹಾಗೆ ಗೊರಗೊರ.

ಟೀಚರುಗಳ ತರಬೇತಿಗೆ ಬಂದಿದ್ದ ಡಾಕ್ಟರು ಹೇಳಿದರು:
ಒಳಗಿನ ಅಕ್ಷರ ಬದಲಾಗುವುದಿಲ್ಲ.
ಅದರ ಮೇಲೆ ಬೀಳುವ ಸಣ್ಣ ಗುರುತುಗಳುಂಟು,
ಯಾವುದನ್ನು ಓದಬೇಕು ಯಾವುದನ್ನು ನುಂಗಬೇಕು, ಅವು ತೀರ್ಮಾನಿಸುತ್ತವೆ.
ಒಂದನೇ ಕ್ಲಾಸಿಗೆ ಕಾಗುಣಿತ ಕಲಿಸುವವಳಿಗೆ
ಇದನ್ನು ಬಿಡಿಸಿ ಹೇಳಬೇಕೇ?
ಕ ಅಂದರೆ ಕ.
ತಲೆಕಟ್ಟು ತೆಗೆದು ಕೊಕ್ಕೆ ಹಾಕಿದರೆ ಕ್.
ಅಕ್ಷರ ಅಲ್ಲೇ ಇದೆ, ಉಸಿರಿಲ್ಲ.
ನನ್ನೊಳಗೂ ಎಲ್ಲೋ ಒಂದು ಪದದ ಮೇಲೆ
ಯಾರೋ ಹೀಗೆ ಕೊಕ್ಕೆ ಹಾಕಿದ್ದಾರೆ.
ಯಾರೋ ಅಲ್ಲ.
ಹುಡಿ ಇರಬಹುದು, ಎಂದರು ಡಾಕ್ಟರು.
ಇರಬಹುದು ಎಂಬುದಕ್ಕೆ ಒತ್ತು ಕೊಟ್ಟು.

ಇನ್ನೊಂದು ಮಾತು, ಗಡಿಯಾರ ನೋಡುತ್ತಾ ಹೇಳಿದ್ದು:
ಹೆಣ್ಣುಶಿಶು ಬಸಿರಲ್ಲಿರುವಾಗಲೇ
ಅದರೊಳಗೆ ಅದರ ಅಂಡಗಳು ಸಿದ್ಧ.
ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ.
ಅಮ್ಮನನ್ನು ಹೊತ್ತ ಅಜ್ಜಿ ತಡ್ಪೆಯೆದುರು ಕೂತಾಗ
ನಾನೂ ಕೂತಿದ್ದೆ, ಸಾಸಿವೆಗಿಂತ ಸಣ್ಣವಳು.
ಅಮ್ಮ ನನ್ನನ್ನು ಹೊತ್ತು ಕೂತಾಗ
ಈಗ ಪಕ್ಕೆಗೆ ಒದೆಯುತ್ತಿರುವ ನೀನು.
ಪ್ರತಿ ಸಲವೂ ಮೂವರು.
ಸಾವಿರ ಬೀಡಿಗೆ ಕೊಟ್ಟದ್ದು ಒಬ್ಬಳ ಮಜೂರಿ.

ಅಮ್ಮನಿಗೆ ಇದನ್ನು ಹೇಳಬಾರದು ಅಂದುಕೊಂಡಿದ್ದೆ.
ಹೇಳಿದೆ.
ಹೊಸಂಗಡಿ ಬ್ರಾಂಚಿನವ ಛಾಟು ಎಂದು ಬದಿಗೆಸೆದ ಕಟ್ಟನ್ನು
ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.
ನೂಲು ಹಲ್ಲಲ್ಲಿ ಕಡಿದು,
"ನಿನ್ನ ಟಿಟಿಸಿ ಫೀಸು ಕಟ್ಟಿದ್ದು ಯಾವುದರಿಂದ?
ಅದರ ಗುರುತು ಎಲ್ಲಿ ಉಂಟು?
ಆ ಡಾಕ್ಟರಿಗೆ ಅದು ಕಾಣ್ತದಾ?"

ಕೆಲವು ಗುರುತು ಪೆನ್ಸಿಲಿನ ಹಾಗೆ, ಅಳಿಯುತ್ತವೆ ಎಂದಿದ್ದರು.
ಪೆನ್ಸಿಲು ಯಾವುದು, ಶಾಯಿ ಯಾವುದು,
ಕೇಳುವ ಮೊದಲೇ ಚಾ ಬಂತು.

ಮರುದಿನ ಎದ್ದಾಗ ಜಗಲಿ ಖಾಲಿ, ಸೆಗಣಿ ಸಾರಿಸಿತ್ತು.
ತಡ್ಪೆ ಐಸಮ್ಮನ ಸೌದೆಕೊಟ್ಟಿಗೆಗೆ ಹೋಗಿತ್ತು.
ಇಡೀ ದಿನ ಬೇಲಿಯಾಚೆಯಿಂದ ಇಬ್ಬರ ಕೆಮ್ಮು.
ಸಂಜೆ ಬಾವಿಕಟ್ಟೆಯಲ್ಲಿ ಅಮ್ಮ
ಸೋಪು, ಬೂದಿ, ಹುಣಸೆಹುಳಿ ಹಚ್ಚಿ
ಮೊಣಕೈವರೆಗೆ ತಿಕ್ಕಿ, ಅಂಗೈ ಮೂಗಿಗೆ ಹಿಡಿದು, ಮತ್ತೆ ತಿಕ್ಕಿ,
ನನ್ನ ಹೊಟ್ಟೆ ಮುಟ್ಟಲು ಬಂದವಳು
ಒಂದು ಗೇಣು ದೂರದಲ್ಲೇ ಕೈ ನಿಲ್ಲಿಸಿದಳು:
"ಇನ್ನೂ ವಾಸನೆ ಉಂಟಾ?"

ಇಲ್ಲ, ಎನ್ನುತ್ತೇನೆ.