ಏಳನೆಯ ಕಾಲಂ

ದತ್ತಿ ಪತ್ರದ ಏಳನೆಯ ಕಾಲಂ: ಉದ್ದೇಶ.
ಅಲ್ಲಿ ನಿಂಗಾಜಮ್ಮ ಮಿಸ್ಸು
ನೀಲಿ ಶಾಯಿಯಲ್ಲಿ, ದುಂಡಗೆ,
ಒಂದೇ ಪದ ಬರೆದು ಕಳಿಸಿದ್ದರು:
ಮೊಟ್ಟೆ.

ಪ್ರಾಂಶುಪಾಲರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
'ಪೌಷ್ಟಿಕ ಆಹಾರಕ್ಕೆ ಸಹಾಯಧನ ಅಂತ ಮಾಡ್ರಿ.'
ಬಿಳಿ ಹಚ್ಚಿ, ಒಣಗಿಸಿ, ಮೇಲೆ ಬರೆದೆ.
ಗುಮಾಸ್ತನ ಕೆಲಸವೇ ಅದು,
ಹಸಿಯಾಗಿ ಬಂದದ್ದನ್ನು
ಕಡತಕ್ಕೆ ಒಗ್ಗುವಂತೆ ಬೇಯಿಸುವುದು.

ಎಪ್ಪತ್ತಮೂರರಲ್ಲಿ ಇದೇ ಮಂಡ್ಯದ ಕಾಲೇಜಿಗೆ
ಲಂಗ ದಾವಣಿ, ಬರಿಗಾಲಲ್ಲಿ ಬಂದವರು.
ನಸುಕಿಗೆ ಸಕ್ಕರೆ ಕಾರ್ಖಾನೆ ಕೂಗಿದರೆ
ನಾಲೆ ಏರಿಯ ಮೇಲೆ ಓಟ.
ಗಡಿಯಾರ ಎಲ್ಲಿಂದ ಬರಬೇಕು,
ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ
ಎಷ್ಟು ಉಸಿರು ಎಂದು ಎಣಿಸುತ್ತಿದ್ದರಂತೆ.
ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿ ಕೇಳೋರು:
'ಯಾರವ್ವ ಅಟ್ಟಿಸ್ಕೊಂಡ್ ಬತ್ತಾವ್ರೆ?'
'ಯಾರೂ ಇಲ್ಲ ಕನಣ್ಣ. ನಾನೇ.'

ದಿನಾ ಎರಡು ಮೊಟ್ಟೆ ತಿನ್ನು, ಸೆಕೆಂಡು ಇಳಿಯುತ್ತೆ,
ಎಂದಿದ್ದರು ಡ್ರಿಲ್ ಮೇಷ್ಟ್ರು.
ಹಟ್ಟಿಯಲ್ಲಿ ಆರು ಕೋಳಿ.
ಮೊಟ್ಟೆಯೆಲ್ಲ ಸಂತೆಗೆ,
ಸಂತೆಯ ದುಡ್ಡು ಹಾಸ್ಟೆಲಿಗೆ.
ಓದಿದರೆ ಮೊಟ್ಟೆಯಿಲ್ಲ, ತಿಂದರೆ ಓದಿಲ್ಲ.
ಗಣಿತ ಅವರಿಗೆ ಅಲ್ಲೇ ಹಿಡಿಸಿತೋ ಏನೋ.

ಮೈಸೂರಿನ ಓವಲ್ ಮೈದಾನ, ನಾನೂರು ಮೀಟರು.
ಕಡೆಯ ತಿರುವಿನ ತನಕ ಅವರದೇ ಮುಂದು.
ಆಮೇಲೆ ಕಾಲಿಗೆ
ಬೆಳಗ್ಗೆ ತಿಂದದ್ದು ಅರ್ಧ ಮುದ್ದೆ ಎಂದು ನೆನಪಾಯಿತು.
ನಾಲ್ಕನೆಯವರು.
'ಮೂರು ಮೆಟ್ಟಿಲಿನ ಹಲಗೆ ಇರುತ್ತಲ್ಲ,
ಅದರ ಪಕ್ಕದ ನೆಲ ಇದೆಯಲ್ಲ,
ಅದು ಕಣೋ ನನ್ನ ಜಾಗ.'

ನನಗೆ ಅವರು ಪಾಂಡವಪುರದ ಹೈಸ್ಕೂಲಿನ ಲೆಕ್ಕದ ಮಿಸ್ಸು.
ವೃತ್ತದ ಪಾಠಕ್ಕೆ ಪುಸ್ತಕ ಮುಚ್ಚಿಸಿ
ಬಯಲಿಗೆ ಕರೆದೊಯ್ದು, ಸೆರಗು ಸಿಕ್ಕಿಸಿ,
ಸುಣ್ಣದಲ್ಲಿ ಆರು ಗೆರೆ ಎಳೆದರು.
ಹೊರಗಿನ ಗೆರೆಯವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು.
'ಮೋಸ ಮಿಸ್!'
ಕೂಗಿದ್ದು ನಾನೇ, ಒಳಗಿನ ಗೆರೆಯವನು.
ಬೈಯಲಿಲ್ಲ. ಹಗ್ಗ ಕೈಗಿಟ್ಟು, ಅಳೆ ಅಂದರು.

ಅಳೆದೆ.
ಗೆರೆಗೆ ಏಳೂವರೆ ಮೀಟರು, ಇನ್ನೂ ಚೂರು,
ಹೊರಗಿನವನು ಹೆಚ್ಚಿಗೆ ಸುತ್ತಿ ಬರಬೇಕು.
'ಅವನು ಮುಂದೆ ನಿಂತಿರೋದು ಪಾಪ ಅಂತಲ್ಲ.
ಲೆಕ್ಕ ಅಂತ.'
ಆ ಓಟ ಯಾರು ಗೆದ್ದರೋ ಮರೆತಿದ್ದೇನೆ.
ಹಗ್ಗದ ನಾರೊಂದು ಅಂಗೈಗೆ ಚುಚ್ಚಿ
ವಾರವೆಲ್ಲ ಇದ್ದದ್ದು ಗೊತ್ತು.

ಮೊನ್ನೆ ಸಮಾರಂಭ.
ಹಳೇ ವಿದ್ಯಾರ್ಥಿಗಳು ಕೂಡಿಸಿದ ಗಂಟು, ಅದರ ಬಡ್ಡಿ,
ಶಾಲು, ಹಣ್ಣಿನ ಬುಟ್ಟಿ, ಕರೆಂಟು ಹೋಗಿ ಬಂದದ್ದು.
'ಮಾಜಿ ಕ್ರೀಡಾಪಟು, ಶಿಕ್ಷಣ ತಜ್ಞೆ,
ನಮ್ಮ ಕಾಲೇಜಿನ ಹೆಮ್ಮೆಯ...'
ನಿರೂಪಕ ಉದ್ದಕ್ಕೆ ಓದುತ್ತಿದ್ದರೆ
ಮಿಸ್ಸು ಹಿಂದೆ ತಿರುಗಿ ನೋಡಿದರು,
ಯಾರೋ ದೊಡ್ಡವರು ಬಂದಿರಬೇಕೆಂದು.

ಎರಡೂ ಮಂಡಿ ಬದಲಿಸಿದ್ದಾರೆ.
ವೇದಿಕೆ ಹತ್ತುವಾಗ ನನ್ನ ಹೆಗಲು ಹಿಡಿದು
ಕಿವಿಯಲ್ಲಿ ಮೆಲ್ಲಗೆ ಅಂದರು:
'ಮೂರೇ ಮೆಟ್ಟಿಲು ಕಣೋ. ಎಣಿಸಿದೆಯಾ?'

ಮೊದಲ ವರ್ಷ ಗುತ್ತಲಿನ ಮುಬೀನಾಗೆ, ಗುಂಡೆಸೆತ.
ಲಕೋಟೆ ಕೈಗಿಟ್ಟು, ಮೈಕು ಪಕ್ಕಕ್ಕೆ ಸರಿಸಿ
ಮಿಸ್ಸು ಕೇಳಿದರು: 'ದಿನಕ್ಕೆ ಎಷ್ಟು ತಿಂತೀಯವ್ವ?'
ಸಭೆಗೆ ಅರ್ಥವಾಗಲಿಲ್ಲ,
ಹುಡುಗಿಗೆ ಹೇಗೋ ಆಯಿತು.
'ಕೊಟ್ಟರೆ ನಾಕು, ಮಿಸ್.'
ನಾಕು ಅಂದದ್ದಕ್ಕೆ
ಶಾಲು ಜಾರುವ ಹಾಗೆ ನಕ್ಕರು.

ಇವತ್ತು ಕಡತ ಬೀರುವಿಗೆ ಸೇರಬೇಕು.
ಬಾಗಿಲು ಮುಂದೆ ಮಾಡಿಕೊಂಡು
ಏಳನೆಯ ಕಾಲಮ್ಮಿನ ಬಿಳಿಯನ್ನು
ಉಗುರಲ್ಲಿ ಕೆರೆಯುತ್ತ ಕೂತಿದ್ದೇನೆ.
ಸಿಪ್ಪೆ ಸುಲಿದಂತೆ ಬರುತ್ತಿದೆ.
ಒಳಗೆ ನೀಲಿ, ದುಂಡಗೆ, ಹಾಗೇ ಇದೆ.

ಆಡಿಟ್ಟಿನವರು ಕೇಳಲಿ.
ಹಗ್ಗ ಕೊಡುತ್ತೇನೆ.