ತಿದ್ದುಪಡಿ

ಸೇಂಟ್ ಲೂಯಿಸ್‌ನಿಂದ ಲಕೋಟೆ ಬಂದಾಗ
ಸಿಗ್ನೆ ಹೌಗನ್, ಡುಲೂತ್‌ನಲ್ಲಿ, ಶಾಲೆ ಬಸ್ಸಿನ
ಗಾಜಿಗಂಟಿದ ಹಿಮ ಕೆರೆಯುತ್ತಿದ್ದಳು.

ಹನ್ನೊಂದು ವರ್ಷ. ಯಾವನೋ ಗುಮಾಸ್ತ
ಏಳನ್ನು ಒಂದೆಂದು ಓದಿದ್ದ;
ಇನ್ನೊಬ್ಬ ಹೌಗನ್ ಕುಡಿದು ಉರುಳಿಸಿದ ಜೀಪು
ಇವಳ ಕಡತದೊಳಗೆ ಬಂದು ಬಿದ್ದಿತ್ತು.
ಬಡ್ತಿ ಮಂಡಳಿ ಎರಡು ಸಲ ಕೂತಿತು,
ಎರಡು ಸಲವೂ ಜೀಪನ್ನೇ ನೋಡಿ ಎದ್ದಿತು.

ಈಗ ಬರೆದಿದ್ದಾರೆ: ‘ಸದರಿಯವರು
ಅಂದಿನಿಂದಲೇ ಮೇಜರ್ ಎಂದು ತಿಳಿಯತಕ್ಕದ್ದು.’
ತಿಳಿದಳು. ಕೈಗವಸು ಕಳಚಿ
ಮತ್ತೊಮ್ಮೆ ತಿಳಿದಳು.

ಕೆಳಗೆ, ಸಣ್ಣಕ್ಷರದಲ್ಲಿ:
‘ಛೀಮಾರಿ ಪತ್ರವನ್ನು ಸಂಬಂಧಪಟ್ಟ ಕಡತಕ್ಕೆ ವರ್ಗಾಯಿಸಲಾಗಿದೆ.’
ಆ ಹೌಗನ್ ತೀರಿಕೊಂಡು ನಾಲ್ಕು ವರ್ಷ.
ಪತ್ರಿಕೆಯಲ್ಲಿ ಓದಿದ್ದಳು:
ಕಳಂಕವಿಲ್ಲದ ಸೇವೆ, ಎಂದಿತ್ತು.
ಹೆಂಡತಿಯ ಹೆಸರೂ ಇತ್ತು.

ಮೊದಲ ನಿಲ್ದಾಣದಲ್ಲಿ ಮಗುವೊಂದು ಹತ್ತಿತು:
“ಗುಡ್ ಮಾರ್ನಿಂಗ್, ಮಿಸ್ ಸಿಗ್ನೆ.”
ತಿದ್ದಲಿಲ್ಲ.