ಇತರೆ

ಟ್ಯಾಬಿನೊಳಗೆ ಪ್ರಶ್ನೆ ಮರಾಠಿಯಲ್ಲಿದೆ.
ಓದುವುದು ಮರಾಠಿ, ಕೇಳುವುದು ಕನ್ನಡ,
ಒತ್ತುವುದು ಬರೀ ಅಂಕಿ.
ಊರು ಬಿಡುವ ಕಾರಣ?
ಒಂದು, ಕೆಲಸವಿಲ್ಲ. ಎರಡು, ನೀರಿಲ್ಲ.
ಮೂರು, ಮುಂಗಡ. ನಾಲ್ಕು, ಮದುವೆ.
ಒಂಬತ್ತು, ಇತರೆ.
(ಐದರಿಂದ ಎಂಟರವರೆಗೆ ಏನಿತ್ತೋ, ಯಾರೋ ಅಳಿಸಿದ್ದಾರೆ.)

ಉಮದಿಯಿಂದ ಆಚೆ ಎರಡು ಹರದಾರಿ ಈ ವಸ್ತಿ.
ಸಮೀಕ್ಷೆಗೆ ಆದೇಶ ಬಂದದ್ದು ದೀಪಾವಳಿ ಮುಗಿದ ಮೇಲೆ.
ದೀಪಾವಳಿ ಮುಗಿದ ಮೇಲೆ ಇಲ್ಲಿ ವಾಸವಿರುವುದು ಬೀಗಗಳು.
ಒಂದು ಚಿಲಕಕ್ಕೆ ತಂತಿ, ಒಂದಕ್ಕೆ ಸೈಕಲ್ ಚೈನು,
ಒಂದಕ್ಕೆ ಏನೂ ಇಲ್ಲ, ಒಳಗೂ ಏನೂ ಇಲ್ಲ.
ಕುಟುಂಬದ ಮುಖ್ಯಸ್ಥರ ಸಹಿ, ಎನ್ನುತ್ತದೆ ಟ್ಯಾಬು.
ಬಾಗಿಲು ಹಾಕಿದೆ, ಎನ್ನುತ್ತೇನೆ ನಾನು. ಬಾಗಿಲು ಹಾಕಿದೆ.

ಇಪ್ಪತ್ತಮೂರನೆಯ ಮನೆಯ ಕಟ್ಟೆಯ ಮೇಲೆ ಒಂದು ಹೊಲಿಗೆ ಯಂತ್ರ,
ಪ್ಲಾಸ್ಟಿಕ್ ಹಾಳೆ ಬಿಚ್ಚಿಲ್ಲ,
ಎದೆಗೆ ಚೀಟಿ: ಸ್ವಾವಲಂಬನೆ.
ಕೊಡುವವರು ಕಾರ್ತಿಕದಲ್ಲಿ ಬಂದರು.
ಪಡೆಯಬೇಕಾದ ಮಾಯವ್ವ
ವಾರ ಮೊದಲೇ ಟ್ರ್ಯಾಕ್ಟರು ಹತ್ತಿದ್ದಳು.
ಫೋಟೋಕ್ಕೆ ನಿಂತವನು ಕಿರಾಣಿ ಅಂಗಡಿಯ ಹುಡುಗ.

ಲೆಕ್ಕ ಸಾಲದು, ಫಡಕ್ಕೇ ಹೋಗು ಎಂದರು ಸಾಹೇಬರು.
ಹೋದೆ. ಕಬ್ಬಿನ ಗರಿ ಕೈ ಕೊಯ್ಯಿತು, ಟ್ಯಾಬಿನ ಗಾಜಿಗೆ ರಕ್ತ.
"ಮನಿಯಿಂದ ಎಷ್ಟ ಮಂದಿ ಬಂದೀರಿ?"
"ಒಂದು ಕೊಯ್ತಾ."

ಗಂಡ ಹೆಂಡತಿ ಇಬ್ಬರೂ ಕೂಡಿ ಒಂದು ಕುಡಗೋಲು.
ಅವನು ಕಡಿಯುತ್ತಾನೆ. ಅವಳು ಸುಲಿದು, ಕಟ್ಟಿ, ತಲೆಗೇರಿಸಿ
ಲಾರಿಯ ಹಲಗೆ ಹತ್ತುತ್ತಾಳೆ.
ಮುಕಾದಮ ದಾದಾಸೋನ ವಹಿಯಲ್ಲಿ ಹೆಸರು ಒಬ್ಬನದೇ.
ಟ್ಯಾಬು 'ಒಂದು' ಎಂಬುದನ್ನು ತಕರಾರಿಲ್ಲದೆ ನುಂಗಿತು.
ಅಳಿಸಿ, ಎರಡು ಮಾಡಿದೆ.
ಆ ದಿನ ನಾನು ಮಾಡಿದ ಅಭಿವೃದ್ಧಿ ಅಷ್ಟೇ.

"ಯಾಕ ಬರ್ತೀರಿ?"
"ಉಚಲ ತಗೊಂಡೇವಿ, ಅದಕ್ಕ ಅಂತ ಬರಿ.
ಉಚಲ ಯಾಕ ಅಂದ್ರ, ರುಕ್ಮಿ ಕಿವೀ ಆಪರೇಶನ್ ಅಂತ ಬರಿ.
ಕಿವಿ ಯಾಕ ಕೆಟ್ಟಿತು ಅಂದ್ರ, ಹೋದ ಸಲ ಜೋಪಡ್ಯಾಗಿನ ಥಂಡಿ.
ಹಂಗಂದ್ರ, ಬಂದಿದ್ದಕ್ಕ ಬಂದೇವಿ.
ನಿನ್ನ ಡಬ್ಬ್ಯಾಗ ಅದಕ್ಕ ನಂಬರ್ ಐತೇನು?"

ಊರಲ್ಲಿ ಹಂಗಾಮಿ ವಸತಿಗೃಹವಿದೆ, ಹುಡುಗಿಯನ್ನು ಬಿಡಬಹುದಿತ್ತು,
ಎಂದೆ, ತರಬೇತಿಯಲ್ಲಿ ಕಲಿಸಿದ ದನಿಯಲ್ಲಿ.
"ಬಿಟ್ಟಿದ್ದೆವ್ವ ಹೋದ ವರ್ಷ. ಅಲ್ಲಿ ಅಕ್ಕಿ ಬಂದದ್ದು ಸಂಕ್ರಾಂತಿಗೆ.
ಆಕಿ ಅದಕ್ಕೂ ಮೊದಲ ಇಲ್ಲಿ ಬಂದ್ಳು, ಒಬ್ಬಾಕಿನೇ,
ಕಂಡಕ್ಟರಗ ದಾದಾಸೋನ ಹೆಸರು ಹೇಳಿ."

ಹೊಲಿಗೆ ಯಂತ್ರ ಬಂದ ಸುದ್ದಿ ಹೇಳಿದೆ.
ಫಡದುದ್ದಕ್ಕೂ ಬಾಗಿದ ಬೆನ್ನುಗಳನ್ನು ನೋಡಿದಳು:
"ಯಾರ ಅರಿವಿ ಹೊಲೀಲಿ? ಎಲ್ಲಾರೂ ಇಲ್ಲೇ ಅದಾರ."

ಆಮೇಲೆ, ಗರಿ ಸುಲಿಯುತ್ತಲೇ, ದನಿ ತಗ್ಗಿಸಿ:
"ಇನ್ನೊಂದೈತಿ. ನಮ್ಮವರಿಗೆ ಹೇಳಬ್ಯಾಡ.
ಇಲ್ಲಿ ಒಲಿ ನಂದು.
ಉಪ್ಪ ಎಷ್ಟ ಹಾಕಲಿ ಅಂತ ಅತ್ತೀನ ಕೇಳೂದಿಲ್ಲ.
ಗರೀ ಮನಿ ಆದ್ರೂ, ಆರು ತಿಂಗಳು"
ಲಾರಿ ಹಾರ್ನು ಹೊಡೆಯಿತು. ಮಾತು ಅಲ್ಲಿಗೇ ನಿಂತಿತು,
ಮೋಳಿಗೆಯ ಜೊತೆ ಹಲಗೆ ಹತ್ತಿ ಹೋಯಿತು.

ಒಂಬತ್ತು ಒತ್ತಿದೆ. ಇತರೆ.
ವಿವರಿಸಿ, ಎಂದಿತು ಟ್ಯಾಬು, ಹತ್ತು ಅಕ್ಷರ ಮೀರದಂತೆ.
ಬರೆದೆ: ಉಪ್ಪು.

ಜೂನಿನಲ್ಲಿ ಜಿಲ್ಲೆಯಿಂದ ಫೋನು.
ಆ ವಸ್ತಿಗೆ ಅಯೋಡಿನ್ ಉಪ್ಪು ಮಂಜೂರಾಗಿದೆ,
ಮನೆಗೆ ಎರಡು ಕಿಲೋ.
ಹಂಚಿಕೆ, ದೀಪಾವಳಿ ಮುಗಿದ ಮೇಲೆ.